ಪ್ರತಿ ಮಧ್ಯಮದಲ್ಲಿ ಸೈತಾನ

ನಮ್ಮ ಮನೆಯಲ್ಲಿ ನರಕಕ್ಕೆ ವಿನಾಯಿತಿ ಇರಲಿಲ್ಲ. ಉಡುಪಿ ಸೀಮೆಯ ಮಾಧ್ವರ ಮನೆ. ಅಜ್ಜ ಸಂಜೆ ಜಗಲಿಯಲ್ಲಿ ಕೂತು ಪಾಠ ಹೇಳುವಾಗ ಜೀವರನ್ನು ಮೂರು ಪಾಲು ಮಾಡುತ್ತಿದ್ದರು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೆಯವರಿಗೆ ಅಂಧಂತಮಸ್ಸು, ಹೋದವರು ಹೋದರು, ಮತ್ತೆ ಬರುವುದಿಲ್ಲ. ಉಳಿದ ವೇದಾಂತಗಳಲ್ಲಿ ಎಂಥ ಪಾಪಿಗೂ ಎಷ್ಟೋ ಜನ್ಮಗಳಾಚೆಗಾದರೂ ಒಂದು ದಾರಿ ಉಂಟು. ಮಧ್ವರು ಮಾತ್ರ ಕೇಡನ್ನು ಜೀವದ ಸ್ವಭಾವದಲ್ಲೇ ಇಟ್ಟರು. ಅಜ್ಜನ ಲೆಕ್ಕದಲ್ಲಿ ಕಲಿ ಕೆಟ್ಟವನಾದದ್ದಲ್ಲ, ಕೆಟ್ಟವನೇ.

ಹಾಗೆ ಬೆಳೆದದ್ದರಿಂದಲೇ ಇರಬೇಕು, ಕಾಲೇಜಿನಲ್ಲಿ ಬ್ಲ್ಯಾಕ್ ಸಬಾತ್ ಬ್ಯಾಂಡಿನ ಹಾಡು ಹಾಕಿದಾಗ ಗೆಳೆಯರೆಲ್ಲ ತಲೆ ಕುಣಿಸಿದರೆ ನಾನು ಹೆದರಿದೆ. ಅವರಿಗೆ ಸೈತಾನ ಎಂದರೆ ಟೀ ಶರ್ಟಿನ ಮೇಲಿನ ಚಿತ್ರ. ಆ ಹಾಡು ಕಟ್ಟಿದವರಿಗೆ ಮಾತ್ರ ಅದು ಬರೀ ಚಿತ್ರವಲ್ಲ ಎಂದು ಆಗಲೇ ಅನ್ನಿಸಿತ್ತು.

ಮದುವೆ ಮನೆಗಳಲ್ಲಿ, ರಸಮಂಜರಿಗಳಲ್ಲಿ ಬೇಸ್ ಗಿಟಾರ್ ನುಡಿಸುವುದು ನನ್ನ ಕಸುಬು. ಗಾಯಕರ ಹೆಸರು ಬ್ಯಾನರಿನಲ್ಲಿ ಬರುತ್ತದೆ, ಬೇಸ್‌ನವನದ್ದು ಪೇಮೆಂಟ್ ಚೀಟಿಯಲ್ಲಿ. ಹಾಗಾಗಿ ಯಾರ ಸಂಗೀತವೇ ಇರಲಿ, ಕಿವಿ ಮೊದಲು ಕೆಳಗಿನ ದನಿಯನ್ನೇ ಹುಡುಕುತ್ತದೆ. ಅಲ್ಲಿ ಸಿಕ್ಕಿದವರು ಬ್ಲ್ಯಾಕ್ ಸಬಾತ್‌ನ ಬೇಸ್ ವಾದಕ ಗೀಝರ್ ಬಟ್ಲರ್.

1949ರ ಜುಲೈ 17ರಂದು ಬರ್ಮಿಂಗ್‌ಹ್ಯಾಮ್‌ನ ಆಸ್ಟನ್‌ನಲ್ಲಿ ಹುಟ್ಟಿದವರು. ತಂದೆತಾಯಿ ಡಬ್ಲಿನ್‌ನಿಂದ ಬಂದ ಕ್ಯಾಥೊಲಿಕರು, ಇವರು ಏಳನೆಯ ಕೂಸು. ಹುಡುಗನಾಗಿದ್ದಾಗ ಪಾದ್ರಿಯಾಗುವ ಆಸೆಯಿತ್ತಂತೆ. ಆಮೇಲೆ ಮನಸ್ಸು ಮಾಟಮಂತ್ರದ ಪುಸ್ತಕಗಳ ಕಡೆ ವಾಲಿತು, ಕೋಣೆಗೆ ಕಪ್ಪು ಬಣ್ಣ ಬಳಿದರು, ಶಿಲುಬೆಗಳನ್ನು ತಲೆಕೆಳಗಾಗಿ ತೂಗುಹಾಕಿದರು. ಒಂದು ರಾತ್ರಿ ಎಚ್ಚರವಾದಾಗ ಹಾಸಿಗೆಯ ಕಾಲ್ದೆಸೆಯಲ್ಲಿ ಒಂದು ಕಪ್ಪು ಆಕೃತಿ ನಿಂತಿತ್ತು ಎಂದು ಅವರೇ ಹಲವು ಸಲ ಹೇಳಿದ್ದಾರೆ. ಬ್ಯಾಂಡಿನ ಗಾಯಕ ಓಝಿ ಓಸ್ಬೋರ್ನ್ ಕೊಟ್ಟ ಮಾಟದ ಪುಸ್ತಕ ಇಟ್ಟ ಜಾಗದಲ್ಲಿ ಇರಲಿಲ್ಲ. ಆ ಹುಚ್ಚು ಅಲ್ಲಿಗೆ ಇಳಿಯಿತು. ಬ್ಯಾಂಡಿನ ಹೆಸರನ್ನೇ ಹೊತ್ತ ಮೊದಲ ಹಾಡು ಹುಟ್ಟಿದ್ದು ಈ ಹೆದರಿಕೆಯಿಂದ. ಸೈತಾನನ ಭಕ್ತನಾಗಿದ್ದರೆ ಹಾಸಿಗೆಯ ಬಳಿ ಬಂದವನನ್ನು ಕೂರಿಸಿ ಮಾತಾಡಿಸಬೇಕಿತ್ತು. ಈ ಮನುಷ್ಯ ಹೆದರಿ ಹಿಂದೆ ಸರಿದರು, ಅವನ ಮೇಲೆ ಹಾಡು ಕಟ್ಟಿಸಿದರು. ಹೆದರಬೇಕಾದರೆ ಮೊದಲು ನಂಬಿಕೆ ಬೇಕು.

ಆದರೂ ಸೈತಾನನ ಆರಾಧಕರೆಂಬ ಪಟ್ಟ ತಪ್ಪಲಿಲ್ಲ. 1970ರ ಫೆಬ್ರವರಿ 13, ಶುಕ್ರವಾರ ಬಂದ ಮೊದಲ ಆಲ್ಬಮ್ಮಿನ ಒಳಹಾಳೆಯಲ್ಲಿ ತಲೆಕೆಳಗಾದ ಶಿಲುಬೆ ಇತ್ತು. ಅದನ್ನು ಹಾಕಿದ್ದು ರೆಕಾರ್ಡ್ ಕಂಪನಿ, ಬ್ಯಾಂಡಿನವರಿಗೆ ಗೊತ್ತೇ ಇರಲಿಲ್ಲ. ಅವರ ಕೊರಳಲ್ಲಿದ್ದದ್ದು ನೆಟ್ಟಗಿನ ಶಿಲುಬೆ. ಓಝಿಯ ತಂದೆ ಅಲ್ಯೂಮಿನಿಯಮ್‌ನಲ್ಲಿ ಮಾಡಿಕೊಟ್ಟದ್ದು. ಮರುವರ್ಷ 'ಆಫ್ಟರ್ ಫಾರೆವರ್' ಎಂಬ ಹಾಡಿನಲ್ಲಿ ಬಟ್ಲರ್ ದೇವರ ಪರವಾಗಿ ನೇರವಾಗಿ ವಾದಿಸಿದರು. ಅದಕ್ಕೂ ಧರ್ಮನಿಂದೆಯ ಆರೋಪ ಬಂತು! ಹಾಡು ಪೂರ್ತಿ ಕೇಳುವ ಸಹನೆ ಯಾರಿಗಿರುತ್ತದೆ?

ನನಗೆ ನಿಜವಾಗಿ ಕಾಡುವುದು ಆ ಮೊದಲ ಹಾಡಿನ ಸ್ವರ. ಮಳೆ, ಗುಡುಗು, ಗಂಟೆ ಕೇಳಿಸಿದ ಮೇಲೆ ಅಲ್ಲಿರುವುದು ಮೂರೇ ಪೆಟ್ಟು: ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಆ ಮಧ್ಯಮವನ್ನು ಟೋನಿ ಅಯೋಮಿ ಗಿಟಾರಿನಲ್ಲಿ ನಡುಗಿಸುತ್ತಾರೆ, ಅಡಿಯಲ್ಲಿ ಬಟ್ಲರ್ ಅದೇ ಹೆಜ್ಜೆ ಇಡುತ್ತಾರೆ. ಹೋಲ್ಸ್ಟ್‌ನ 'ಮಾರ್ಸ್' ಕೃತಿಯನ್ನು ಬಟ್ಲರ್ ಬೇಸ್‌ನಲ್ಲಿ ನುಡಿಸುತ್ತಿದ್ದುದರಿಂದ ಇದು ಹೊಳೆದದ್ದಂತೆ. ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ನಡುವಿನ ಈ ಅಂತರಕ್ಕೆ ಯುರೋಪಿನವರು ಸಂಗೀತದೊಳಗಿನ ಸೈತಾನ ಎಂದೇ ಹೆಸರಿಟ್ಟಿದ್ದರು. ಚರ್ಚು ಇದನ್ನು ನಿಷೇಧಿಸಿತ್ತು ಎಂದು ಮೆಟಲ್ ಕೇಳುವವರು ಹೆಮ್ಮೆಯಿಂದ ಹೇಳುತ್ತಾರೆ. ಅಂಥ ನಿಷೇಧಕ್ಕೆ ಆಧಾರವೇನೂ ಇಲ್ಲ. ಹಾಡುವುದು ಕಷ್ಟ, ಕೇಳಲು ಒರಟು ಎಂದು ದೂರ ಇಟ್ಟಿದ್ದರು, ಅಷ್ಟೆ.

ನಮ್ಮ ಕರ್ನಾಟಕ ಸಂಗೀತದ 72 ಮೇಳಗಳಲ್ಲಿ ಸರಿಯಾಗಿ ಅರ್ಧ, ಅಂದರೆ 36, ಇದೇ ಮಧ್ಯಮದ ಮೇಲೆ ನಿಂತಿವೆ. ನಾನು ಬೇಸ್ ನುಡಿಸುವ ಮಂಟಪದಲ್ಲೇ ಬೆಳಿಗ್ಗೆ ನಾಗಸ್ವರದವರು ಕಲ್ಯಾಣಿ ನುಡಿಸಿ ಹೋಗಿರುತ್ತಾರೆ. ಅದೇ ಪ್ರತಿ ಮಧ್ಯಮ. ಒಬ್ಬ ಮುದುಕಿಯೂ ಹೆದರಿ ಎದ್ದು ಹೋದದ್ದಿಲ್ಲ. ಕಲ್ಯಾಣಿಯಲ್ಲಿ ಆ ಮಧ್ಯಮದ ಕೆಳಗೆ ಗಾಂಧಾರವಿದೆ, ಮೇಲೆ ಪಂಚಮವಿದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕಿವಿಗೆ ಗೊತ್ತಿರುತ್ತದೆ. ಸಬಾತ್‌ನವರು ನೆರೆಯ ಸ್ವರಗಳನ್ನೆಲ್ಲ ಕಿತ್ತುಹಾಕಿದರು. ಪಂಚಮಕ್ಕೆ ಹೋಗಿ ಕೂರುವ ಹಾದಿ ಕೊಡಲಿಲ್ಲ. ಭಯ ಸ್ವರದಲ್ಲಿಲ್ಲ, ಅದನ್ನು ಒಂಟಿಯಾಗಿ ಬಿಟ್ಟದ್ದರಲ್ಲಿದೆ.

ಬಟ್ಲರ್ ಕಲಿತ ಧರ್ಮಕ್ಕೆ ತತ್ವ ಕಟ್ಟಿಕೊಟ್ಟ ಸಂತ ಅಗಸ್ಟೀನ್ ಹೇಳುವುದೂ ಇದನ್ನೇ. ಆತ ಯೌವನದಲ್ಲಿ ಮಾನಿಯ ಮತದವನು. ಒಳಿತು ಕೆಡುಕು ಎರಡೂ ಅನಾದಿ ಶಕ್ತಿಗಳು ಎಂದು ನಂಬಿದ್ದವನು. ಆಮೇಲೆ ಅದನ್ನು ಬಿಟ್ಟು, ಕೆಡುಕಿಗೆ ಸ್ವಂತ ಅಸ್ತಿತ್ವವೇ ಇಲ್ಲ, ಇರಬೇಕಾದ ಒಳಿತು ಇಲ್ಲದಿರುವುದೇ ಕೆಡುಕು ಎಂದ. ಅಜ್ಜ ಇದನ್ನು ಒಪ್ಪುವವರಲ್ಲ. ಹಾಗಾದರೆ ದುರ್ಯೋಧನನಿಗೆ ಏನು ಕಮ್ಮಿಯಾಗಿತ್ತು ಹೇಳು ಎನ್ನುವವರು.

ಸಬಾತ್‌ನ ಆ ಮೊದಲ ಆಲ್ಬಮ್ಮಿನ 'ಎನ್.ಐ.ಬಿ.' ಹಾಡಿನ ಕಥೆಯನ್ನು ಒಮ್ಮೆ ಅಜ್ಜನಿಗೆ ಹೇಳಿದೆ. ಸೈತಾನ ಒಬ್ಬ ಹೆಣ್ಣನ್ನು ಪ್ರೀತಿಸಿ ಒಳ್ಳೆಯವನಾಗುತ್ತಾನೆ, ಬರೆದವರ ಉದ್ದೇಶ ಅಷ್ಟೆ. (ಹೆಸರಿನಲ್ಲಿ ಗೂಢಾರ್ಥ ಹುಡುಕಿದವರು ಬಹಳ, ಡ್ರಮ್ಮರ್ ಬಿಲ್ ವಾರ್ಡ್‌ನ ಗಡ್ಡ ಪೆನ್ನಿನ ನಿಬ್ಬಿನಂತೆ ಇತ್ತು ಎಂಬ ತಮಾಷೆ ಅದು.) ಅಜ್ಜ ಎಲೆಯಡಿಕೆ ಜಗಿಯುತ್ತ, "ಅವನೊಳಗೆ ಇಬ್ಬರಿದ್ದರು" ಅಂದರು. ಮಾಧ್ವರ ಪ್ರಕಾರ ಶಿಶುಪಾಲನ ದೇಹದಲ್ಲಿ ಎರಡು ಜೀವ: ಶಾಪಗ್ರಸ್ತ ದ್ವಾರಪಾಲಕ ಜಯ ಒಬ್ಬ, ನಿಜವಾದ ಅಸುರ ಇನ್ನೊಬ್ಬ. ಕೃಷ್ಣನ ಚಕ್ರ ತಗಲಿದಾಗ ಒಬ್ಬ ವಿಷ್ಣುವಿನ ಕಡೆ ಹೋದ, ಇನ್ನೊಬ್ಬ ತಮಸ್ಸಿಗೆ. ಪ್ರೀತಿಸಿದವನು ಬೇರೆ, ಸೈತಾನ ಬೇರೆ ಎಂಬುದು ಅಜ್ಜನ ತೀರ್ಪು. ಒಪ್ಪಲಾಗಲಿಲ್ಲ, ಆದರೆ ಇಷ್ಟು ಚಂದದ ಉತ್ತರ ಯಾವ ಮೆಟಲ್ ಪತ್ರಿಕೆಯಲ್ಲೂ ನಾನು ಓದಿಲ್ಲ.

ಆ ಹಾಡು ಶುರುವಾಗುವುದೇ ಬಟ್ಲರ್ ಒಬ್ಬರೇ ವಾ-ವಾ ಪೆಡಲ್ ಒತ್ತಿ ನುಡಿಸುವ ಬೇಸ್‌ನಿಂದ. ಅವರು ಮೊದಲು ರಿದಮ್ ಗಿಟಾರ್ ನುಡಿಸುತ್ತಿದ್ದವರು. ಎರಡನೇ ಗಿಟಾರ್ ಬೇಡವೆಂದಾಗ ಬೇಸ್ ಹಿಡಿದರು. ಕ್ರೀಮ್ ಬ್ಯಾಂಡಿನ ಜ್ಯಾಕ್ ಬ್ರೂಸ್ ಮಾದರಿ. ಅದಕ್ಕೇ ಬೇಸ್‌ನ ದಪ್ಪ ತಂತಿಯನ್ನೂ ಬೆರಳಿನಿಂದ ಎಳೆದು ಸ್ವರ ಬಾಗಿಸುತ್ತಾರೆ. ಅಯೋಮಿ ಬಾಗಿಸಿದರೆ ಇವರೂ ಜತೆಗೆ. ಬಲಗೈಯ ಎರಡು ಬೆರಳ ತುದಿಯನ್ನು ಕಾರ್ಖಾನೆಯಲ್ಲಿ ಕಳೆದುಕೊಂಡಿದ್ದ ಎಡಗೈ ವಾದಕ ಅಯೋಮಿಗೆ ತಂತಿ ಸಡಿಲ ಬೇಕಿತ್ತು. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿಯಿತು, ಬಟ್ಲರ್ ಕೂಡ ಬೇಸ್‌ನ ಶ್ರುತಿಯನ್ನು ಅಷ್ಟೇ ಇಳಿಸಿದರು. ಅಯೋಮಿ ಸೋಲೋಗೆ ಹೊರಟರೆ ಹಿಂದೆ ಬೇರೆ ಗಿಟಾರ್ ಇಲ್ಲ. ಆಗ ಬಟ್ಲರ್ ಗಿಟಾರಿನ ನೆರಳಾಗಿರುವುದನ್ನು ಬಿಟ್ಟು ಓಡಾಡತೊಡಗುತ್ತಾರೆ, ಖಾಲಿ ಜಾಗವೆಲ್ಲ ತುಂಬುತ್ತದೆ.

ಸೈತಾನನನ್ನೇ ಒಳ್ಳೆಯವನನ್ನಾಗಿಸಿದರೂ ಕೆಡುಕಿನ ವಿಷಯದಲ್ಲಿ ಬಟ್ಲರ್ ಪೂರ್ತಿ ಅಗಸ್ಟೀನನ ಕಡೆಯವರಲ್ಲ. 'ವಾರ್ ಪಿಗ್ಸ್' ಮೊದಲು 'ವಾಲ್ಪರ್ಗಿಸ್' ಎಂಬ ಹೆಸರಿನಲ್ಲಿ ಮಾಟಗಾರರ ಹಾಡಾಗಿತ್ತು. ವಿಯೆಟ್ನಾಂ ಯುದ್ಧದ ದಿನಗಳು. ನಿಜವಾದ ಸೈತಾನ ಯುದ್ಧವೇ ಎಂಬುದು ಬಟ್ಲರ್ ಮಾತು. ಬಡವರ ಮಕ್ಕಳನ್ನು ಸಾಯಲು ಕಳಿಸುವ ಸೇನಾಪತಿಗಳು ಹಾಡಿನ ಕೊನೆಗೆ ತೀರ್ಪಿನ ದಿನ ತೆವಳುತ್ತ ಕ್ಷಮೆ ಬೇಡುತ್ತಾರೆ, ಸಿಗುವುದಿಲ್ಲ. ಪ್ರೀತಿಸಿದ ಸೈತಾನನಿಗೆ ವಿನಾಯಿತಿ ಕೊಟ್ಟ ಕೈ ಇವರಿಗೆ ಅಂಧಂತಮಸ್ಸನ್ನೇ ಕೊಟ್ಟಿತು. ಇಲ್ಲಿ ಬಟ್ಲರ್ ನಮ್ಮಜ್ಜನ ಜಗಲಿಯಲ್ಲಿ ಕೂರಬಹುದು. ಸ್ವರದಲ್ಲಿ ಕೇಡಿಲ್ಲ ಎಂದು ನಾನು ಕಿವಿಯಾರೆ ಕೇಳಿ ನಂಬಿದ್ದೇನೆ. ಮನುಷ್ಯರ ಬಗ್ಗೆ ಅಷ್ಟೇ ಗಟ್ಟಿಯಾಗಿ ಹೇಳಲು ನನ್ನಿಂದಾಗದು.

2025ರ ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕ್‌ನಲ್ಲಿ ಬ್ಯಾಂಡಿನ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಜುಲೈ 22ರಂದು ಓಝಿ ತೀರಿಕೊಂಡರು. ನೀವು ಈ ಹಾಡುಗಳನ್ನು ಕೇಳುವುದಾದರೆ ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ಬೇಡ. ಬೇಸ್‌ನ ಕೆಳತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಪುಟ್ಟ ಸ್ಪೀಕರಿಗೆ ಅದು ಎಟುಕುವುದಿಲ್ಲ.