ಬಿರಡೆ

ನನ್ನ ತವರಿನಲ್ಲಾಗಲಿ, ಗಂಡನ ಮನೆಯಲ್ಲಾಗಲಿ ಕುಡಿತದ ಹೆಸರೆತ್ತುವವರಿರಲಿಲ್ಲ. ನಮಗೆ ಬಾಟಲಿ ಎಂದರೆ ಒಂದು ಔಷಧಿಯದು, ಇನ್ನೊಂದು ಜಾತ್ರೆಯ ಗೋಲಿ ಸೋಡದ್ದು. ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಕೀಚ್ ಎಂದು ಕಿರುಚಿ ನೊರೆ ಉಕ್ಕುವುದೇ ನಮ್ಮ ಸಂಭ್ರಮ. ಅಂಥ ನಾನು, ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಂದ ಮದ್ಯಪಾನದ ದುಷ್ಪರಿಣಾಮಗಳ ಬಗ್ಗೆ ಪ್ರಬಂಧ ಬರೆಸಿದವಳು, ಶಾಂಪೇನ್ ಬಾಟಲಿ ತೆಗೆಯುವುದನ್ನು ಕಲಿತೆ ಎಂದರೆ ನಿಮಗೆ ನಗು ಬರಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ.

ಮಗಳು ಬೆಂಗಳೂರಿನಲ್ಲಿದ್ದಾಳೆ. ಅಳಿಯನಿಗೆ ಬಡ್ತಿ ಬಂದಾಗ ಮನೆಯ ತಾರಸಿಯ ಮೇಲೆ ಸ್ನೇಹಿತರೆಲ್ಲ ಸೇರಿದ್ದರು. "ಅಮ್ಮ, ಬೇಜಾರು ಮಾಡ್ಕೋಬೇಡ, ಒಂದೇ ಒಂದು ಬಾಟಲಿ" ಎಂದಳು ಮಗಳು. ನಂದಿಬೆಟ್ಟದ ಕಡೆಯ ದ್ರಾಕ್ಷಿಯದಂತೆ. ಹಾಗಾದರೆ ಅದನ್ನು ಶಾಂಪೇನ್ ಎನ್ನಬಾರದು, ಆ ಹೆಸರು ಫ್ರಾನ್ಸಿನ ಆ ಸೀಮೆಯದಕ್ಕೆ ಮಾತ್ರ ಸಲ್ಲುತ್ತದೆ ಎಂದು ಆಮೇಲೆ ಓದಿದೆ. ಇರಲಿ, ಎಲ್ಲರೂ ಹಾಗೇ ಅನ್ನುತ್ತಾರೆ. ನಾನು ಹಪ್ಪಳ ಕರಿಯುವ ನೆಪ ಮಾಡಿ ಅಡಿಗೆಮನೆಗೆ ಇಳಿದುಬಿಟ್ಟೆ. ನನ್ನ ಕಣ್ಣೆದುರು ನಡೆಯದಿದ್ದರೆ ಸಾಕು ಎನ್ನುವ ಭಾವ.

ಮೇಲಿನಿಂದ ಢಬ್ ಎಂಬ ಸದ್ದು ಬಂತು, ಕೇಕೆ ಬಂತು, ಅದರ ಹಿಂದೆಯೇ ಮಗುವಿನ ಚೀತ್ಕಾರ. ಯಾರೋ ಟೀವಿಯಲ್ಲಿ ಗೆದ್ದ ಆಟಗಾರರು ಮಾಡುವಂತೆ ಬಾಟಲಿಯನ್ನು ಚೆನ್ನಾಗಿ ಕುಲುಕಿ ಬಿರಡೆ ಹಾರಿಸಿದ್ದರು. ಅದು ಪಕ್ಕದ ಮನೆಯ ಏಳು ವರ್ಷದ ಹುಡುಗಿಯ ಹುಬ್ಬಿಗೆ ಬಡಿದಿತ್ತು. ಒಂದು ಬೆರಳು ಕೆಳಗೆ ತಗುಲಿದ್ದರೆ ಕಣ್ಣು. ವಾರದಲ್ಲಿ ಬಾವು ಇಳಿಯಿತು. ನನ್ನ ನಿದ್ದೆ ಮಾತ್ರ ಸರಿಹೋಗಲಿಲ್ಲ.

ತಪ್ಪು ಬಾಟಲಿ ಕುಲುಕಿದವನದು, ನನ್ನದೇನು ಎಂದು ಎಷ್ಟೋ ಸಲ ಹೇಳಿಕೊಂಡೆ. ಆದರೆ ಕುಕ್ಕರಿನ ಉಗಿ ಇಳಿಯುವ ತನಕ ಮಕ್ಕಳನ್ನು ಅಡಿಗೆಮನೆಯ ಹೊಸಿಲು ದಾಟಗೊಡದವಳು ನಾನು. ಬಾಯಿಗೆ ತಂತಿ ಬಿಗಿದ ಆ ಬಾಟಲಿಯನ್ನು ನೋಡಿದ್ದೆ. ಒಳಗೆ ಏನೋ ಒತ್ತುತ್ತಿಲ್ಲದೆ ಯಾರಾದರೂ ತಂತಿ ಕಟ್ಟುತ್ತಾರೆಯೇ? ಅಲ್ಲಿ ನಿಂತಿದ್ದರೆ "ಮಕ್ಕಳನ್ನ ಈಚೆ ಕಳಿಸ್ರಪ್ಪ" ಎಂಬ ಒಂದು ಮಾತು ನನ್ನ ಬಾಯಿಂದ ಬಂದೇ ಬರುತ್ತಿತ್ತು. ನಾನು ನಿಲ್ಲಲಿಲ್ಲ. ಮಡಿ ಕೆಡದಿರಲೆಂದು ದೂರ ಸರಿದೆ. ಆ ಮಡಿಯ ಬೆಲೆಯನ್ನು ಬೇರೆಯವರ ಮಗು ತೆತ್ತಿತು.

ಹಟ ಹಿಡಿದು ಓದಿದೆ. ಬಾಟಲಿಯೊಳಗೇ ಎರಡನೆಯ ಸಲ ಹುಳಿ ಬಂದು, ಹುಟ್ಟಿದ ಅನಿಲ ಹೊರಗೆ ಹೋಗಲಾರದೆ ವೈನಿನಲ್ಲಿ ಕರಗಿರುತ್ತದೆ. ಒಳಗಿನ ಒತ್ತಡ ಕಾರಿನ ಚಕ್ರದಲ್ಲಿರುವುದರ ಎರಡು ಮೂರು ಪಟ್ಟು. ಹಿಂದೆ ಫ್ರಾನ್ಸಿನ ನೆಲಮಾಳಿಗೆಗಳಲ್ಲಿ ಬಾಟಲಿಗಳು ತಾವಾಗಿಯೇ ಸಿಡಿಯುತ್ತಿದ್ದುದರಿಂದ ಕೆಲಸಗಾರರು ಮುಖಕ್ಕೆ ಕಬ್ಬಿಣದ ಮುಖವಾಡ ಹಾಕಿಕೊಳ್ಳುತ್ತಿದ್ದರಂತೆ. ಬಿರಡೆಯ ಮೇಲಿನ ತಂತಿಯ ಕುಲಾವಿಗೆ 1844ರಲ್ಲಿ ಜ್ಯಾಕ್ಸನ್ ಎಂಬ ಫ್ರೆಂಚ್ ವೈನ್ ತಯಾರಕ ಪೇಟೆಂಟ್ ಪಡೆದ. ಬಿರಡೆ ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಹಾರಬಲ್ಲದು ಎನ್ನುತ್ತಾರೆ ಕಣ್ಣಿನ ವೈದ್ಯರು. ಅಷ್ಟರಲ್ಲಿ ರೆಪ್ಪೆ ಮುಚ್ಚಲು ಸಮಯವೆಲ್ಲಿ?

ಮರುವರ್ಷ ಮತ್ತೊಂದು ಬಾಟಲಿ ಬಂದಾಗ "ಇಲ್ಲಿ ಕೊಡಿ" ಎಂದೆ. ಅಳಿಯ ಕಣ್ಣುಬಿಟ್ಟ. ಬೆಳಗಿನಿಂದಲೇ ಫ್ರಿಜ್ಜಿನಲ್ಲಿ ಇಡಿಸಿದ್ದೆ, ತಣ್ಣಗಿದ್ದಷ್ಟೂ ಒತ್ತಡ ಕಡಿಮೆ. ಕುಲುಕಲು ಬಿಡಲಿಲ್ಲ. ಮೇಲಿನ ಹಾಳೆ ಸುಲಿದು, ಬಾಯಿಗೆ ಟವೆಲ್ಲು ಮುಚ್ಚಿ, ಯಾರ ಮುಖವೂ ಇಲ್ಲದ ಗೋಡೆಯ ಕಡೆಗೆ ಓರೆಯಾಗಿ ಹಿಡಿದೆ. ಹೆಬ್ಬೆರಳಿನಿಂದ ಬಿರಡೆಯನ್ನು ಅದುಮಿಕೊಂಡೇ ತಂತಿಯ ಕಿವಿಯನ್ನು ಆರು ಅರ್ಧ ಸುತ್ತು ತಿರುಗಿಸಿ ಸಡಿಲಿಸಿದೆ, ಆದರೆ ತೆಗೆಯಲಿಲ್ಲ. ಬಿರಡೆಯನ್ನು ತಂತಿಯ ಸಮೇತ ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಬಾಟಲಿಯ ತಳವನ್ನು ಮೆಲ್ಲಗೆ ತಿರುಗಿಸಿದೆ. ತಿರುಗಬೇಕಾದ್ದು ಬಾಟಲಿ, ಬಿರಡೆಯಲ್ಲ. ಅದು ಮೇಲಕ್ಕೆ ಬರಲು ಹವಣಿಸುವುದು ಅಂಗೈಗೆ ಗೊತ್ತಾಗುತ್ತದೆ. ಆಗ ಎಳೆಯಬಾರದು, ತಡೆಯಬೇಕು. ಕೊನೆಗೆ ಉಸ್ಸೆಂದು ಒಂದು ನಿಟ್ಟುಸಿರು, ಅಷ್ಟೇ. ಢಬ್ ಎನ್ನಲಿಲ್ಲವಲ್ಲ ಎಂದು ಗಂಡಸರಿಗೆ ನಿರಾಸೆ.

ಸ್ಟಾಫ್ ರೂಮಿನಲ್ಲಿ ನಗದಿದ್ದವರು ನಮ್ಮ ಗಣಿತದ ಮೇಡಂ. ಅವರ ಯಜಮಾನರನ್ನು ಕುಡಿತವೇ ಕೊಂಡೊಯ್ದಿದೆ. "ಕುಡಿಯೋರಿಗೆ ನೀವೇ ಬಾಟಲಿ ತೆಗೆದುಕೊಟ್ರಾ ಮೇಡಂ? ನಮ್ಮನೇಲಿ ಯಾವ ಬಾಟಲೂ ಯಾರ ಕಣ್ಣಿಗೂ ಹಾರಲಿಲ್ಲ. ಎಲ್ಲಾ ಸುರಕ್ಷಿತವಾಗೇ ತೆಗೆದದ್ದು" ಎಂದರು.

ನನಗೆ ಮಾತು ಹೊರಡಲಿಲ್ಲ. ಆ ಹುಡುಗಿ ಕುಡಿಯಲು ಬಂದವಳಲ್ಲ, ಅವಳ ಕಣ್ಣು ಕಾಯುವುದೂ ಕುಡಿಯುವವರ ಸೇವೆ ಮಾಡುವುದೂ ಒಂದೇ ಅಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಆದರೂ ಅವರ ಮಾತಿನಲ್ಲಿ ನಿಜವಿದೆ. ಅಂದಿನಿಂದ ಅಳಿಯ "ಅತ್ತೆಯೇ ತೆಗೀಬೇಕು" ಎಂದು ಸ್ನೇಹಿತರೆದುರು ಹೆಮ್ಮೆ ಪಡುತ್ತಾನೆ. ನನ್ನ ಕೈ ಸೋಕಿದ್ದರಿಂದ ಆ ಬಾಟಲಿಗೊಂದು ಮರ್ಯಾದೆ ಬಂದಿದೆ. ಅದು ನನಗೆ ಬೇಕಿರಲಿಲ್ಲ. ಈಗ ಅವನಿಗೇ ಕಲಿಸಿದ್ದೇನೆ, ನಾನು ಮುಟ್ಟುವುದಿಲ್ಲ. ಇದು ನನ್ನ ಹಳೆಯ ಮಡಿಯೇ ಹೊಸ ಸೀರೆ ಉಟ್ಟು ಬಂದದ್ದೋ ಏನೋ, ನೀವೇ ಹೇಳಬೇಕು.

ಮೊನ್ನೆ ಡಿಸೆಂಬರ್ 31ರ ರಾತ್ರಿ ಮಗಳ ಫೋನು ಬಂತು. "ಅಮ್ಮ, ತಂತಿ ಎಷ್ಟು ಸುತ್ತು?"

"ಆರು ಅರ್ಧ ಸುತ್ತು. ಹೆಬ್ಬೆರಳು ತೆಗೀಬೇಡಿ ಅಂತ ಹೇಳು. ಆ ಮಗು ಎಲ್ಲಿದೆ?"

"ಒಳಗೆ ಕೂತ್ಕೊಂಡು ಚಿತ್ರ ಬರೀತಿದಾಳೆ."

"ಬಾಗಿಲು ಹಾಕ್ಕೊಂಡು ಬಾ" ಎಂದು, ಬಾಗಿಲು ಹಾಕಿದ ಸದ್ದು ಕೇಳುವ ತನಕ ಫೋನು ಹಿಡಿದೇ ಕುಳಿತೆ.