ಗೊತ್ತಾಗುವ ಮುನ್ನವೇ ಸಾಕ್ಷಿ

ಮಾರ್ಮನ್ ಮಿಷನರಿಗಳು ತಮ್ಮ ಧರ್ಮದ ಬಗ್ಗೆ ಸಾಕ್ಷಿ ಹೇಳುವಾಗ ‘ನಂಬುತ್ತೇನೆ’ ಎಂದು ನಿಲ್ಲಿಸುವುದು ಕಡಿಮೆ. ‘ನನಗೆ ಗೊತ್ತು’ ಎಂದೇ ಹೇಳುತ್ತಾರೆ. ದೇವರಿದ್ದಾನೆಂದು ಗೊತ್ತು, ಜೋಸೆಫ್ ಸ್ಮಿತ್ ಪ್ರವಾದಿಯೆಂದು ಗೊತ್ತು, ಮಾರ್ಮನ್ ಗ್ರಂಥ ಸತ್ಯವೆಂದು ಗೊತ್ತು. ಹೇಳುವವರ ವಯಸ್ಸು ಹದಿನೆಂಟೋ ಇಪ್ಪತ್ತೋ. ಮೊನ್ನೆ ಮೊನ್ನೆಯವರೆಗೂ ಅಮ್ಮ ಒಗೆದುಕೊಟ್ಟ ಬಟ್ಟೆ ಹಾಕಿಕೊಳ್ಳುತ್ತಿದ್ದ ಹುಡುಗನಿಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಣಕಕ್ಕೆಂದು ಕೇಳಿ ಮುಂದೆ ನಡೆದುಬಿಟ್ಟರೆ, ಆ ಹುಡುಗನ ದಿನಚರಿಯ ಒಳಗೇ ಕೂತಿರುವ ಒಂದು ಜ್ಞಾನಮೀಮಾಂಸೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಿಳಿದ ಮೇಲೆ ಮಾಡುವುದಲ್ಲ, ಮಾಡುತ್ತ ಮಾಡುತ್ತ ತಿಳಿಯುವುದು ಎನ್ನುವ ಮೀಮಾಂಸೆ ಅದು.

ಇವರನ್ನು ಕಳಿಸುವ, ಜೋಸೆಫ್ ಸ್ಮಿತ್ ಸ್ಥಾಪಿಸಿದ ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಚರ್ಚು 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿತು. ಇಂದು ಅದರ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ‘ಮಾರ್ಮನ್’ ಎಂಬ ಅಡ್ಡಹೆಸರು ಬೇಡ, ಪೂರ್ತಿ ಹೆಸರನ್ನೇ ಬಳಸಿ ಎಂದು ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರೂ ಲೋಕದ ನಾಲಗೆಗೆ ಹಳೆಯದೇ ರೂಢಿ. ಹುಡುಗರು 24 ತಿಂಗಳು, ಹುಡುಗಿಯರು 18 ತಿಂಗಳು ಸೇವೆಗೆ ಹೋಗುತ್ತಾರೆ. ಸಂಬಳವಿಲ್ಲ, ಖರ್ಚನ್ನು ಸಾಮಾನ್ಯವಾಗಿ ಮಿಷನರಿಯೋ ಮನೆಯವರೋ ಹೊರುತ್ತಾರೆ. ಎಲ್ಲಿಗೆ ಎಂಬುದನ್ನು ತಾವೇ ಆರಿಸಿಕೊಳ್ಳುವಂತಿಲ್ಲ. ಸಾಲ್ಟ್ ಲೇಕ್‌ನಿಂದ ಕರೆ ಬರುತ್ತದೆ, ಅದು ಬ್ರೆಜಿಲ್ ಇರಬಹುದು, ಘಾನಾ ಇರಬಹುದು, ಪಕ್ಕದ ರಾಜ್ಯವೇ ಇರಬಹುದು. ನಮ್ಮ ಬೆಂಗಳೂರು ಕೂಡ 1993ರಿಂದ ಆ ಪಟ್ಟಿಯಲ್ಲಿದೆ. ಹೀಗೆ ಹೊರಟವರು ಇಂದು ಜಗತ್ತಿನಲ್ಲಿ 70,000ಕ್ಕೂ ಹೆಚ್ಚು.

ಕರೆ ಬಂದವರಲ್ಲಿ ಹಲವರ ಮೊದಲ ನಿಲ್ದಾಣ ಯೂಟಾದ ಪ್ರೋವೊ ಪಟ್ಟಣದ ತರಬೇತಿ ಕೇಂದ್ರ. ಬೇರೆ ಭಾಷೆ ಕಲಿಯಬೇಕಾದವರು ಅಲ್ಲಿ ಹೆಚ್ಚು ವಾರ ಉಳಿಯುತ್ತಾರೆ. ಎದೆಯ ಮೇಲೆ ಕಪ್ಪು ನಾಮಫಲಕ ಬರುತ್ತದೆ, ಕೊಟ್ಟ ಹೆಸರು ಹೋಗಿ ಮನೆತನದ ಹೆಸರಿನ ಹಿಂದೆ ‘ಎಲ್ಡರ್’ ಅಥವಾ ‘ಸಿಸ್ಟರ್’ ಸೇರುತ್ತದೆ. ಬೆಳಿಗ್ಗೆ 6:30ಕ್ಕೆ ಏಳಬೇಕು. ವ್ಯಾಯಾಮ, ಪ್ರಾರ್ಥನೆ, ತಿಂಡಿ, ಒಬ್ಬರೇ ಕೂತು ಗ್ರಂಥದ ಓದು, ಆಮೇಲೆ ಜೊತೆಗಾರನ ಸಂಗಡ ಓದು. ಆ ಮೇಲೆ ಬೀದಿ. ರಾತ್ರಿ 10:30ಕ್ಕೆ ಮಲಗಬೇಕು. ಊರಿನ ಅಭ್ಯಾಸಕ್ಕೆ ತಕ್ಕಂತೆ ಗಂಟೆಗಳನ್ನು ಹಿಂದುಮುಂದು ಮಾಡಿಕೊಳ್ಳುವ ಸಡಿಲಿಕೆ 2017ರಲ್ಲಿ ಬಂತು. ವಾರಕ್ಕೊಂದು ‘ತಯಾರಿ ದಿನ’ ಇರುತ್ತದೆ; ಬಟ್ಟೆ ಒಗೆಯುವುದು, ದಿನಸಿ ತರುವುದು, ಮನೆಗೆ ಬರೆಯುವುದು ಎಲ್ಲ ಅಂದೇ. 2019ರ ಫೆಬ್ರವರಿವರೆಗೆ ಮನೆಗೆ ಫೋನು ಮಾಡುವ ಅವಕಾಶ ಕ್ರಿಸ್‌ಮಸ್ಸಿಗೆ ಮತ್ತು ಅಮ್ಮಂದಿರ ದಿನಕ್ಕೆ ಮಾತ್ರ ಇತ್ತು. ಈಗ ವಾರಕ್ಕೊಮ್ಮೆ ಮಾತಾಡಬಹುದು. ಈ ಒಂದು ಬದಲಾವಣೆಯಿಂದ ಎಷ್ಟು ತಾಯಂದಿರ ನಿದ್ದೆ ಮರಳಿತೋ.

ದಿನಚರಿಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಮುಚ್ಚಿದ ಬಾಗಿಲುಗಳಲ್ಲ, ಜೊತೆಗಾರ. ಮಿಷನರಿ ಒಂಟಿಯಾಗಿರುವಂತಿಲ್ಲ. ಇಬ್ಬರೂ ಒಂದೇ ಬಾಡಿಗೆ ಮನೆಯಲ್ಲಿ ಮಲಗಬೇಕು, ಒಂದೇ ಬೀದಿಯಲ್ಲಿ ನಡೆಯಬೇಕು, ಬಚ್ಚಲ ಬಾಗಿಲು ಹಾಕಿಕೊಂಡಾಗ ಬಿಟ್ಟರೆ ಉಳಿದೆಲ್ಲ ಹೊತ್ತು ಪರಸ್ಪರರ ಕಣ್ಣಳವಿನಲ್ಲಿರಬೇಕು. ಆ ಜೊತೆಗಾರನನ್ನೂ ಇವರು ಆರಿಸಿಕೊಂಡಿರುವುದಿಲ್ಲ. ಅವನು ಗೊರಕೆ ಹೊಡೆಯಲಿ, ಮಾತು ಮಾತಿಗೆ ತಿದ್ದಲಿ, ಮನೆಯ ನೆನಪಿನಲ್ಲಿ ಮಂಕಾಗಿ ಕೂತಿರಲಿ, ವರ್ಗಾವಣೆಯ ಆದೇಶ ಬರುವವರೆಗೆ ಬಿಡುಗಡೆಯಿಲ್ಲ. ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು, ಒಬ್ಬರಿಂದ ಇನ್ನೊಬ್ಬರಿಗೆ ಏನು ತೊಂದರೆಯಾಗುತ್ತಿದೆ ಎಂದು ಬಿಚ್ಚಿ ಹೇಳುವ ಪದ್ಧತಿಯೂ ಇದೆ. ಬೀದಿಯಲ್ಲಿ ಪ್ರೀತಿಯನ್ನು ಬೋಧಿಸುವವನು ಒಳಗೆ ಒಬ್ಬನನ್ನಾದರೂ ಸಹಿಸಬಲ್ಲನೇ ಎಂಬ ಪರೀಕ್ಷೆ ಹೀಗೆ ಪ್ರತಿದಿನ ನಡೆಯುತ್ತದೆ. ಆಧ್ಯಾತ್ಮಿಕ ಬೆಳವಣಿಗೆ ಎಂದು ಕರೆಯಬಹುದಾದದ್ದು ಹೆಚ್ಚಾಗಿ ಇಲ್ಲೇ ಆಗುತ್ತದೆಂದು ನನ್ನ ಅನಿಸಿಕೆ.

ಮುಂದೆ ಚರ್ಚಿನ ಅಧ್ಯಕ್ಷರಾದ ಗಾರ್ಡನ್ ಹಿಂಕ್ಲಿ 1933ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣಕ್ಕೆ ಮಿಷನರಿಯಾಗಿ ಹೋದರು. ಬೀದಿಯಲ್ಲಿ ನಿಂತು ಮಾತಾಡಿದರೆ ಯಾರೂ ಕಿವಿಗೊಡಲಿಲ್ಲ. ನನ್ನ ಕಾಲವೂ ನಿಮ್ಮ ದುಡ್ಡೂ ದಂಡವಾಗುತ್ತಿದೆ ಎಂದು ತಂದೆಗೆ ಕಾಗದ ಬರೆದರು. ತಂದೆಯ ಉತ್ತರ ತೀರ ಚಿಕ್ಕದು: ನಿನ್ನನ್ನು ನೀನು ಮರೆತು ಕೆಲಸಕ್ಕೆ ಇಳಿ. ಗಮನಿಸಬೇಕಾದದ್ದು, ತಂದೆ ಮಗನ ಸಂಶಯಕ್ಕೆ ಸಮಾಧಾನ ಹೇಳಲಿಲ್ಲ, ಧರ್ಮಶಾಸ್ತ್ರದ ವಾದ ಹೂಡಲಿಲ್ಲ. ಆಗಬೇಕಾದದ್ದು ಕೆಲಸ, ತಿಳಿವು ಅದರ ಬೆನ್ನಿಗೆ ಬರುತ್ತದೆ ಎನ್ನುವುದೇ ಅವರ ವಾದ. ಹಿಂಕ್ಲಿ ಆ ದಿನವನ್ನು ತಮ್ಮ ಬದುಕಿನ ತಿರುವು ಎಂದು ಕೊನೆಯವರೆಗೂ ನೆನೆಯುತ್ತಿದ್ದರು.

ಈ ನಿಲುವಿಗೆ ಮಾರ್ಮನ್ ಗ್ರಂಥದಲ್ಲೇ ಬೇರಿದೆ. ಅದರ ಆಲ್ಮ ಎಂಬ ಭಾಗದ 32ನೆಯ ಅಧ್ಯಾಯದಲ್ಲಿ ಆಲ್ಮನೆಂಬ ಪ್ರವಾದಿ ಬಡವರ ಗುಂಪೊಂದಕ್ಕೆ ಉಪದೇಶ ಮಾಡುತ್ತಾನೆ. ಸುಮ್ಮನೆ ನಂಬಿ ಎನ್ನುವುದಿಲ್ಲ, ಪ್ರಯೋಗ ಮಾಡಿ ನೋಡಿ ಎನ್ನುತ್ತಾನೆ. ಮಾತನ್ನು ಬೀಜದಂತೆ ಎದೆಯಲ್ಲಿ ಊರಿ. ಅದು ಉಬ್ಬಿ ಮೊಳೆತರೆ ಬೀಜ ಒಳ್ಳೆಯದೆಂದು ನಿಮಗೇ ತಿಳಿಯುತ್ತದೆ, ಇಲ್ಲವಾದರೆ ಎಸೆಯಿರಿ. ನಂಬುವ ಆಸೆಯೊಂದಿದ್ದರೂ ಆರಂಭಕ್ಕೆ ಸಾಕು. ಅರಿಸ್ಟಾಟಲ್ ಶೀಲದ ಬಗ್ಗೆ ಹೇಳಿದ್ದು ಇದಕ್ಕೆ ಹತ್ತಿರದ ಮಾತು: ಮನೆ ಕಟ್ಟಿ ಕಟ್ಟಿಯೇ ಮನೆ ಕಟ್ಟುವವರಾಗುತ್ತೇವೆ, ನ್ಯಾಯವಾಗಿ ನಡೆದು ನಡೆದೇ ನ್ಯಾಯವಂತರಾಗುತ್ತೇವೆ. ಆದರೆ ಅರಿಸ್ಟಾಟಲ್ ಹೇಳಿದ್ದು ಗುಣದ ಬಗ್ಗೆ. ಆಲ್ಮ ಅದೇ ದಾರಿಯಲ್ಲಿ ಸತ್ಯಕ್ಕೂ ಕೈಚಾಚುತ್ತಾನೆ. ತೊಡಕು ಹುಟ್ಟುವುದು ಅಲ್ಲೇ.

1982ರಲ್ಲಿ ಚರ್ಚಿನ ಅಪೊಸ್ತಲ ಬಾಯ್ಡ್ ಪ್ಯಾಕರ್ ಹೊಸ ಮಿಷನ್ ಅಧ್ಯಕ್ಷರ ಮುಂದೆ ಒಂದು ಭಾಷಣ ಮಾಡಿದರು. ಸಾಕ್ಷಿ ಸಿಗುವುದು ಸಾಕ್ಷಿ ಹೇಳುವುದರಲ್ಲೇ ಎಂಬುದು ಅದರ ತಿರುಳು. ಗೊತ್ತಾಗುವವರೆಗೆ ಬಾಯಿ ಮುಚ್ಚಿಕೊಂಡಿರುವವನಿಗೆ ಎಂದೂ ಗೊತ್ತಾಗುವುದಿಲ್ಲ. ಹಾಗಾದರೆ ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದು ಸುಳ್ಳಲ್ಲವೇ? ನುಡಿದಂತೆ ನಡೆ ಇರಬೇಕೆಂದು ವಚನಕಾರರಿಂದ ಕಲಿತ ನಮಗೆ, ನಡೆಯ ಮಾತು ಹಾಗಿರಲಿ, ಅರಿವಿಗಿಂತಲೇ ಮುಂದೆ ಓಡುವ ಈ ನುಡಿ ಮುಜುಗರ ತರುತ್ತದೆ. ಇಂಗ್ಲಿಷ್ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರ ತಮ್ಮ ಪ್ರಬಂಧದಲ್ಲಿ ಇದನ್ನು ಇನ್ನೂ ಖಾರವಾಗಿ ಹೇಳಿದ್ದರು: ಸಾಕಷ್ಟು ಆಧಾರವಿಲ್ಲದೆ ಏನನ್ನೇ ನಂಬಿದರೂ ಅದು ನೈತಿಕ ತಪ್ಪು. ಅವರು ಕೊಟ್ಟ ಉದಾಹರಣೆ ಹಡಗಿನ ಯಜಮಾನನೊಬ್ಬನದು. ಹಳೆಯ ಹಡಗು ಗಟ್ಟಿಯಾಗಿದೆ ಎಂದು ತನಗೆ ತಾನೇ ಹೇಳಿಕೊಂಡು, ಪೂರ್ತಿ ನಂಬಿ, ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವಾಗಿತ್ತು ನಿಜ, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ.

ಕ್ಲಿಫರ್ಡರಿಗೆ ಉತ್ತರ ಕೊಟ್ಟವರು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್, 1896ರಲ್ಲಿ. ಎಲ್ಲ ನಂಬಿಕೆಗೂ ಅಲ್ಲ, ಕೆಲವಕ್ಕೆ ಮಾತ್ರ ಅವರು ಬಾಗಿಲು ತೆರೆದರು. ಆಯ್ಕೆ ಜೀವಂತವಾಗಿರಬೇಕು, ತಪ್ಪಿಸಿಕೊಳ್ಳಲಾಗದ್ದಾಗಿರಬೇಕು, ಬದುಕಿಗೆ ಭಾರವಾದದ್ದಾಗಿರಬೇಕು, ಬುದ್ಧಿಯಿಂದ ತೀರ್ಮಾನಿಸಲಾಗದ್ದಾಗಿರಬೇಕು. ಅಂಥಲ್ಲಿ ಪುರಾವೆಗಾಗಿ ಕಾಯುತ್ತ ಕೂರುವುದೂ ಒಂದು ತೀರ್ಮಾನವೇ. ಜೊತೆಗೆ, ಮೊದಲು ನಂಬಿದರೆ ಮಾತ್ರ ನಿಜವಾಗುವ ಸಂಗತಿಗಳಿವೆ ಎಂದೂ ಜೇಮ್ಸ್ ತೋರಿಸಿದರು. ಇವರು ನನಗೆ ಸ್ನೇಹಿತರಾಗುತ್ತಾರೆ ಎಂದುಕೊಂಡು ಕೈಚಾಚದವನಿಗೆ ಸ್ನೇಹದ ಪುರಾವೆ ಎಂದಿಗೂ ಸಿಗುವುದಿಲ್ಲ.

ಮಿಷನರಿಯ ‘ಗೊತ್ತು’ ಎಂಬುದನ್ನು ಈ ಬೆಳಕಿನಲ್ಲಿ ಇಟ್ಟು ನೋಡಿದರೆ ಅದು ಎರಡು ಹೋಳಾಗುತ್ತದೆ. ಜೊತೆಗಾರನನ್ನು ಸಹಿಸುತ್ತ ಹೋದರೆ ಪ್ರೀತಿ ಬರುತ್ತದೆ, ಪರರ ಕಷ್ಟದಲ್ಲಿ ಮುಳುಗಿದರೆ ಸ್ವಂತ ಕಳವಳ ತಗ್ಗುತ್ತದೆ, ದಿನವೂ ಪ್ರಾರ್ಥಿಸಿದರೆ ಮನಸ್ಸಿಗೊಂದು ನೆಲೆ ಸಿಗುತ್ತದೆ. ಇವನ್ನು ಮಾಡದೆ ತಿಳಿಯಲು ಬೇರೆ ದಾರಿಯಿಲ್ಲ, ಎರಡು ವರ್ಷ ಮಾಡಿದವನು ಗೊತ್ತು ಎಂದರೆ ಆ ಮಾತಿಗೆ ತೂಕವಿದೆ. ಆದರೆ ಮಾರ್ಮನ್ ಗ್ರಂಥದ ಮೂಲವೆಂದು ಹೇಳಲಾಗುವ ಚಿನ್ನದ ಫಲಕಗಳು ಜೋಸೆಫ್ ಸ್ಮಿತ್‌ಗೆ ನಿಜವಾಗಿ ಸಿಕ್ಕವೇ, ಪುರಾತನ ಅಮೆರಿಕದಲ್ಲಿ ಆ ಗ್ರಂಥ ಹೇಳುವ ಜನಾಂಗಗಳು ಬದುಕಿದ್ದವೇ ಎನ್ನುವುದು ಆಗಿಹೋದ ಸಂಗತಿಗಳ ಪ್ರಶ್ನೆ. ಬೀಜ ಮೊಳೆತರೆ ಅದು ಒಳ್ಳೆಯ ಬೀಜ ಎಂದಾಯಿತು. ಯಾವ ಮರದಿಂದ ಉದುರಿದ್ದು ಎಂಬುದನ್ನು ಮೊಳಕೆ ಹೇಳಲಾರದು.

ಪ್ಯಾಕರ್ ಇದನ್ನು ಒಪ್ಪುತ್ತಿರಲಿಲ್ಲ. ಅದೇ ಭಾಷಣದಲ್ಲಿ ಅವರು ವಿಮಾನದಲ್ಲಿ ಪಕ್ಕ ಕೂತಿದ್ದ ನಾಸ್ತಿಕನೊಬ್ಬನ ಕಥೆ ಹೇಳಿದರು. ದೇವರಿದ್ದಾನೆಂದು ನಿಮಗೆ ಹೇಗೆ ಗೊತ್ತು ಎಂದು ಅವನು ಪೀಡಿಸಿದಾಗ, ಉಪ್ಪಿನ ರುಚಿ ಹೇಗಿರುತ್ತದೆ, ಉಪ್ಪು ತಿಂದೇ ಇಲ್ಲದವನಿಗೆ ವಿವರಿಸುವಂತೆ ಹೇಳಿ ಎಂದರಂತೆ ಇವರು. ಅವನಿಗೆ ಆಗಲಿಲ್ಲ. ಜಾಣ ಉತ್ತರ, ಒಂದು ಮಟ್ಟಿಗೆ ಸರಿಯೂ ಹೌದು: ವಿವರಿಸಲಾಗದ್ದೆಲ್ಲ ಇಲ್ಲದ್ದಲ್ಲ. ಆದರೆ ಉಪ್ಪು ತಿಂದ ಎಲ್ಲರಿಗೂ ಸಿಗುವುದು ಉಪ್ಪೇ. ಪ್ರಾರ್ಥನೆಯಲ್ಲಿ ಎದೆ ತುಂಬಿ ಬಂದ ಸೂಫಿ, ವೈಷ್ಣವ, ಮಾರ್ಮನ್ ಮೂವರೂ ಅದರಿಂದ ಬೇರೆ ಬೇರೆ ಚರಿತ್ರೆಗಳನ್ನು ಎತ್ತಿಹಿಡಿಯುತ್ತಾರೆ. ಅನುಭವದಲ್ಲಿ ಸುಳ್ಳಿಲ್ಲ, ಅದಕ್ಕೆ ಅಂಟಿಸಿದ ಚೀಟಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಮಾಡುವುದೇ ಮುಖ್ಯ ಎಂಬ ತತ್ತ್ವಕ್ಕೆ ಇನ್ನೊಂದು ಅಪಾಯವುಂಟು. ಮಾಡಿದ್ದನ್ನು ಎಣಿಸಬಹುದು, ತಿಳಿದದ್ದನ್ನು ಎಣಿಸಲಾಗದು. 1960ರ ಆಸುಪಾಸಿನಲ್ಲಿ ಬ್ರಿಟನ್ನಿನ ಮಿಷನರಿಗಳ ಮೇಲೆ ಸಂಖ್ಯೆಯ ಒತ್ತಡ ಬಿದ್ದಾಗ, ಬೇಸ್‌ಬಾಲ್ ಆಡಿಸುತ್ತೇವೆಂದು ಹುಡುಗರನ್ನು ಸೇರಿಸಿ ಗುಂಪು ಗುಂಪಾಗಿ ದೀಕ್ಷಾಸ್ನಾನ ಮಾಡಿಸಿದ್ದೂ ಆಯಿತು. ಎಷ್ಟೋ ಮಕ್ಕಳಿಗೆ ತಾವು ಯಾವುದಕ್ಕೆ ಸೇರಿದೆವು ಎಂಬುದೇ ತಿಳಿದಿರಲಿಲ್ಲ. ಇದಕ್ಕೆ ತದ್ವಿರುದ್ಧ ಜೋಸೆಫ್‌ನ ತಮ್ಮ ಸ್ಯಾಮ್ಯುಯೆಲ್ ಸ್ಮಿತ್‌ನ ಕಥೆ. 1830ರಲ್ಲಿ ಚೀಲದಲ್ಲಿ ಗ್ರಂಥದ ಪ್ರತಿಗಳನ್ನು ಹೊತ್ತು ತಿರುಗಿದ ಈ ಮೊದಲ ಮಿಷನರಿಗೆ ಹೆಚ್ಚಿನ ಕಡೆ ನಿರಾಕರಣೆಯೇ. ಆದರೂ ಅವನು ಕೈದಾಟಿಸಿದ ಒಂದು ಪ್ರತಿ ಕೈಯಿಂದ ಕೈಗೆ ಹೋಗಿ ಬ್ರಿಗಂ ಯಂಗ್‌ನನ್ನು ಮುಟ್ಟಿತು. 1847ರಲ್ಲಿ ಮಾರ್ಮನ್ನರನ್ನು ಯೂಟಾಕ್ಕೆ ಕರೆದೊಯ್ದವನು ಅದೇ ಯಂಗ್. ವರದಿಯ ನಮೂನೆಯಲ್ಲಿ ಸ್ಯಾಮ್ಯುಯೆಲ್‌ನ ಸಾಧನೆ ಸೊನ್ನೆಗೆ ಹತ್ತಿರವೇ ಇರುತ್ತಿತ್ತು.

ಅವಧಿ ಮುಗಿಸಿ ಮರಳಿದವರಿಗೆ ಗಂಟೆಗಳನ್ನು ಗೊತ್ತುಮಾಡುವವರಿಲ್ಲ, ಕಣ್ಣಳವಿನಲ್ಲಿ ಜೊತೆಗಾರನಿಲ್ಲ. ಅನೇಕರು ನಂಬಿಕೆಯಲ್ಲೇ ಬೆಳೆದು ಮನೆಮಠ ಕಟ್ಟಿಕೊಳ್ಳುತ್ತಾರೆ, ಕೆಲವರು ನಿಧಾನವಾಗಿ ಚರ್ಚಿನಿಂದ ದೂರವಾಗುತ್ತಾರೆ. ಬಿಟ್ಟವರ ಬಗ್ಗೆ ಉಳಿದವರು ಆಲ್ಮನ ಮಾತಿನಿಂದಲೇ ಉತ್ತರ ಕೊಡುತ್ತಾರೆ: ನೀರೆರೆಯದ ಗಿಡ ಒಣಗಿತು, ಬೀಜದ ತಪ್ಪಲ್ಲ. ಬಿಟ್ಟವರು ಹೇಳುವುದೇ ಬೇರೆ: ದಿನಕ್ಕೆ ಹತ್ತು ಸಲ ಗೊತ್ತು ಎಂದು ಹೇಳಿಕೊಳ್ಳುವುದನ್ನು ನಿಲ್ಲಿಸಿದಾಗ ಆ ಗೊತ್ತೂ ನಿಂತುಹೋಯಿತು, ಅಂದರೆ ಅದು ತಿಳಿವಾಗಿರಲಿಲ್ಲ, ಅಭ್ಯಾಸವಾಗಿತ್ತು. ನಡೆದದ್ದು ಒಂದೇ, ಎರಡು ವಿವರಣೆಗಳೂ ಅದಕ್ಕೆ ಹೊಂದುತ್ತವೆ. ಯಾವುದು ಸರಿ ಎಂದು ತೋರಿಸಬಲ್ಲ ಪರೀಕ್ಷೆಯನ್ನು ಆಲ್ಮನ ಪ್ರಯೋಗ ತನ್ನೊಳಗೆ ಇಟ್ಟುಕೊಂಡಿಲ್ಲ. ಬೀಜ ಮೊಳೆಯದಿದ್ದರೆ ಎಸೆಯಿರಿ ಎನ್ನುವ ಅದೇ ಅಧ್ಯಾಯ, ಮೊಳೆತು ಒಣಗಿದ್ದರ ಹೊಣೆಯನ್ನು ಮಾತ್ರ ಪೂರ್ತಿ ನೆಟ್ಟವನ ಮೇಲೆ ಹೊರಿಸುತ್ತದೆ.