ಒಳಗಿನಿಂದ ತೆರೆಯುವ ಬಾಗಿಲು

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತದೆ. ಪಿಯುಸಿ ಮುಗಿಸಿದ ಮಗನೋ ಮಗಳೋ ಪೆಟ್ಟಿಗೆ, ಬಕೆಟ್ಟು, ಹೊದಿಕೆಗಳನ್ನು ಹೊತ್ತು ಬೆಂಗಳೂರಿಗೋ ಮಂಗಳೂರಿಗೋ ಮೈಸೂರಿಗೋ ಹೊರಡುತ್ತಾರೆ. ಹಾಸ್ಟೆಲಿನ ಕಚೇರಿಯಲ್ಲಿ ಕುಳಿತ ತಂದೆತಾಯಿಯರು ವಾರ್ಡನ್ನರನ್ನು ಕೇಳುವ ಪ್ರಶ್ನೆಗಳು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಬಗೆಯವು: ಊಟ ಹೇಗಿರುತ್ತದೆ, ನೀರು ಸರಿಯಾಗಿ ಬರುತ್ತದೆಯೇ, ಗೇಟನ್ನು ಎಷ್ಟು ಗಂಟೆಗೆ ಮುಚ್ಚುತ್ತೀರಿ, ಓದಿಸುತ್ತೀರಾ. ಇವೆಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ 'ನಡುರಾತ್ರಿಯಲ್ಲಿ ಬೆಂಕಿ ಬಿದ್ದರೆ ಈ ಮಕ್ಕಳು ಯಾವ ಬಾಗಿಲಿನಿಂದ ಹೊರಗೆ ಬರುತ್ತಾರೆ? ಆ ಬಾಗಿಲಿನ ಬೀಗದ ಕೈ ಯಾರ ಬಳಿ ಇರುತ್ತದೆ?' ಎಂದು ಕೇಳುವವರು ವಿರಳ. ಶುಭಕಾರ್ಯಕ್ಕೆ ಹೊರಟಾಗ ಅಪಶಕುನದ ಮಾತೇಕೆ ಎಂಬ ಅಳುಕು ನಮ್ಮದು. ಯಾರಾದರೂ ಬಾಯಿ ತೆರೆದರೆ 'ಬಿಡ್ತು ಅನ್ನು' ಎಂದು ಮನೆಯ ಹಿರಿಯರು ತಡೆಯುತ್ತಾರೆ.

ಈ ಮೌನ ಎಷ್ಟು ಸಹಜವಾದರೂ ಅದರ ಹಿಂದೆ ಒಂದು ನೈತಿಕ ಪ್ರಶ್ನೆ ಅಡಗಿದೆ. ಮತ್ತೊಬ್ಬರ ಮಗು ನಮ್ಮ ಸೂರಿನಡಿ ನಿದ್ರಿಸುವಾಗ ಆ ಮಗುವಿಗೆ ನಾವು ಏನನ್ನು ಕೊಡಬೇಕಾದ ಋಣಿಗಳು? ಒಂದೇ ಸೂರಿನಡಿ ಮಲಗುವ ನೂರಾರು ಯುವಜನರು ಪರಸ್ಪರರಿಗೆ ಏನನ್ನು ಕೊಡಬೇಕು? ನಿದ್ರೆಯೆಂಬುದು ಮನುಷ್ಯನ ಅತ್ಯಂತ ಅಸಹಾಯಕ ಸ್ಥಿತಿ. ಮಲಗಿದವನು ತನ್ನ ಪ್ರಾಣವನ್ನು ಎಚ್ಚರವಿರುವವರ ಕೈಯಲ್ಲಿ ಇಟ್ಟಿರುತ್ತಾನೆ. ಹಾಗೆ ಒಪ್ಪಿಸಿಕೊಂಡವರ ಹೊಣೆ ಎಲ್ಲಿಂದ ಎಲ್ಲಿಯವರೆಗೆ?

ಈ ಪ್ರಶ್ನೆಯನ್ನು ಕುರಿತು ಚಿಂತಿಸಲು ಅಮೆರಿಕದ ಒಂದು ಘಟನೆ ನೆರವಾಗುತ್ತದೆ. ನ್ಯೂಜೆರ್ಸಿ ರಾಜ್ಯದ ಸೌತ್ ಆರೆಂಜ್ ಎಂಬ ಊರಿನಲ್ಲಿರುವ ಸೀಟನ್ ಹಾಲ್ ವಿಶ್ವವಿದ್ಯಾಲಯ ಒಂದು ಕಥೋಲಿಕ ವಿದ್ಯಾಸಂಸ್ಥೆ. 1856ರಲ್ಲಿ ಧರ್ಮಾಧ್ಯಕ್ಷ ಜೇಮ್ಸ್ ರೂಸ್ವೆಲ್ಟ್ ಬೇಲಿಯವರು ಅದನ್ನು ಸ್ಥಾಪಿಸಿ, ತಮ್ಮ ಅತ್ತೆಯಾದ ಎಲಿಜಬೆತ್ ಆನ್ ಸೀಟನ್ ಅವರ ಹೆಸರನ್ನಿಟ್ಟರು. ಆ ತಾಯಿ 1975ರಲ್ಲಿ ಸಂತಪದವಿಗೇರಿದರು. ಅಲ್ಲಿನ ಬೋಲೆಂಡ್ ಹಾಲ್ ಎಂಬ ವಸತಿಗೃಹದಲ್ಲಿ ಸುಮಾರು 600 ವಿದ್ಯಾರ್ಥಿಗಳು ವಾಸಿಸುತ್ತಿದ್ದರು. ಬಹುಪಾಲು ಮೊದಲ ವರ್ಷದವರು, ಅಂದರೆ ಮನೆ ಬಿಟ್ಟು ಬಂದು ಕೆಲವೇ ತಿಂಗಳಾದವರು. 2000ನೆಯ ಇಸವಿಯ ಜನವರಿ 19ರ ನಸುಕಿನಲ್ಲಿ, ಸುಮಾರು 4.30ರ ವೇಳೆಗೆ, ಮೂರನೆಯ ಮಹಡಿಯ ವಿಶ್ರಾಂತಿ ಕೋಣೆಯ ಸೋಫಾ ಹೊತ್ತಿಕೊಂಡಿತು. ದಟ್ಟ ಹೊಗೆ ಆ ಮಹಡಿಯನ್ನು ತುಂಬಿಕೊಂಡಿತು. ಮೂವರು ವಿದ್ಯಾರ್ಥಿಗಳು ಸತ್ತರು. ಮೂವರಿಗೂ ವಯಸ್ಸು ಕೇವಲ 18. ಗಾಯಗೊಂಡವರು 58 ಮಂದಿ.

ಎಚ್ಚರಿಕೆಯ ಗಂಟೆ ಮೊಳಗಲಿಲ್ಲವೇ? ಮೊಳಗಿತು. ಆದರೆ ಆ ಶೈಕ್ಷಣಿಕ ವರ್ಷದಲ್ಲಿ ಅದಕ್ಕೂ ಮುನ್ನ 18 ಬಾರಿ ಆ ಗಂಟೆ ಸುಮ್ಮಸುಮ್ಮನೆ ಮೊಳಗಿತ್ತು. ಚಳಿಯ ರಾತ್ರಿಗಳಲ್ಲಿ ಎದ್ದು ಹೊರಗೆ ಹೋಗಿ ನಿಂತು ಬೇಸತ್ತಿದ್ದ ಹಲವರು ಅಂದೂ 'ಮತ್ತೆ ಯಾರದೋ ಚೇಷ್ಟೆ' ಎಂದುಕೊಂಡು ಹೊದಿಕೆ ಎಳೆದುಕೊಂಡರು. ಹೊಗೆ ಬಾಗಿಲ ಸಂದಿಯಿಂದ ಒಳನುಗ್ಗಿದಾಗಲೇ ಅನೇಕರಿಗೆ ನಿಜದ ಅರಿವಾದದ್ದು. ಕಟ್ಟಡದಲ್ಲಿ ಬೆಂಕಿಯ ತಾಪಕ್ಕೆ ತಾನಾಗಿಯೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ವ್ಯವಸ್ಥೆ ಇರಲಿಲ್ಲ. ಹಳೆಯ ಕಟ್ಟಡವಾದ ಕಾರಣ ಅಂದಿನ ಕಾನೂನು ಅದನ್ನು ಕಡ್ಡಾಯ ಮಾಡಿರಲಿಲ್ಲ. ಸುಮಾರು ಏಳು ವರ್ಷಗಳ ನಂತರ, 2006ರಲ್ಲಿ, ಅದೇ ವಸತಿಗೃಹದಲ್ಲಿದ್ದ ಇಬ್ಬರು ತಾವು ಸೋಫಾದ ಮೇಲಿದ್ದ ಕಾಗದದ ಬ್ಯಾನರಿಗೆ ಬೆಂಕಿ ಹಚ್ಚಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಅದು ಬರೀ ತಮಾಷೆಗಾಗಿ ಮಾಡಿದ್ದು ಎಂಬುದು ಅವರ ಕಡೆಯ ಮಾತು. 2007ರಲ್ಲಿ ಅವರಿಗೆ ಐದು ವರ್ಷಗಳ ಸೆರೆವಾಸ ವಿಧಿಸಲಾಯಿತು.

ತಪ್ಪು ಯಾರದು ಎಂಬುದಕ್ಕೆ ಉತ್ತರ ಸಿಕ್ಕಿತೆಂದು ನಾವು ಇಲ್ಲಿಗೇ ನಿಲ್ಲಿಸಬಹುದು. ಬೆಂಕಿ ಹಚ್ಚಿದವರದೇ ಮೊದಲ ತಪ್ಪು, ಸಂಶಯವಿಲ್ಲ. ಆದರೆ ಆ 18 ಸುಳ್ಳು ಗಂಟೆಗಳ ಮಾತೇನು? ಅವುಗಳಲ್ಲಿ ಕೆಲವು ಯಂತ್ರದ ದೋಷದಿಂದ ಆಗಿರಬಹುದು. ಆದರೆ ಸುಮ್ಮನೆ ಗುಂಡಿ ಒತ್ತಿ ಓಡಿಹೋಗುವ ಚೇಷ್ಟೆ ಯಾವ ಹಾಸ್ಟೆಲಿಗೂ ಹೊಸದಲ್ಲ. ಹಾಗೆ ಒತ್ತಿದವನು ತಾನು ಯಾರಿಗೂ ಕೇಡು ಮಾಡಲಿಲ್ಲವೆಂದೇ ನಂಬಿರುತ್ತಾನೆ. ಯಾರೂ ಸಾಯಲಿಲ್ಲ, ಯಾವ ವಸ್ತುವೂ ಸುಡಲಿಲ್ಲ. ನಿಜವಾಗಿ ಅವನು ಕದ್ದದ್ದು ಎಲ್ಲರಿಗೂ ಸೇರಿದ ಒಂದು ಆಸ್ತಿಯನ್ನು: ಆ ಗಂಟೆಯ ಮೇಲಿದ್ದ ನಂಬಿಕೆಯನ್ನು. 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಸುಳ್ಳು ಹೇಳಿದವನೇ ನಷ್ಟ ಅನುಭವಿಸುತ್ತಾನೆ. ಹಾಸ್ಟೆಲಿನಲ್ಲಿ ಹಾಗಲ್ಲ; ಒಬ್ಬನು ಅಕ್ಟೋಬರಿನಲ್ಲಿ ಹೇಳಿದ ಸುಳ್ಳಿಗೆ ಮತ್ತೊಬ್ಬನು ಜನವರಿಯಲ್ಲಿ ಬೆಲೆ ತೆರುತ್ತಾನೆ, ಇಬ್ಬರಿಗೂ ಮುಖಪರಿಚಯವೇ ಇರಲಾರದು. ಸುಳ್ಳು ಪಾಪವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಬಾಯಿಂದ ಬಾರದ, ಗುಂಡಿಯೊಂದನ್ನು ಒತ್ತಿ ಹೇಳುವ ಸುಳ್ಳೂ ಇದೆಯೆಂದು ಕಲಿಸುತ್ತೇವೆಯೇ?

ಹಾಗಾದರೆ ಏಳದೆ ಮಲಗಿದವರ ತಪ್ಪೇನು? ಅವರನ್ನು ದೂಷಿಸುವುದು ಕ್ರೌರ್ಯವಾದೀತು. ದಣಿದ ದೇಹ, ಹತ್ತಾರು ಬಾರಿ ಮೋಸಹೋದ ಮನಸ್ಸು. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಇಲ್ಲಿಯೇ ಪೂರ್ವಸಿದ್ಧತೆಯ ಅರ್ಥ ತಿಳಿಯುತ್ತದೆ. ಅಪಾಯದ ಗಳಿಗೆಯಲ್ಲಿ ಮನಸ್ಸು ವಾದ ಮಾಡುತ್ತಾ ಕೂರುತ್ತದೆ: ನಿಜವೋ ಸುಳ್ಳೋ, ಪಕ್ಕದವರು ಎದ್ದರೋ ಇಲ್ಲವೋ, ಪುಸ್ತಕ ತೆಗೆದುಕೊಳ್ಳಲೋ ಬೇಡವೋ. ಸೋಫಾ, ಹಾಸಿಗೆಗಳ ಫೋಮ್ ಉರಿದಾಗ ಹೊಮ್ಮುವ ವಿಷಗಾಳಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬೆಂಕಿ ಅವಘಡಗಳಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆಯಿಂದ ಸಾಯುವವರೇ ಹೆಚ್ಚು. ನಿದ್ರೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂದು ನಂಬುವಂತಿಲ್ಲ. ಆದುದರಿಂದ ವಾದ ಮುಗಿಯುವ ಮೊದಲೇ ಕಾಲು ಬಾಗಿಲ ಕಡೆಗೆ ನಡೆಯಬೇಕು. ಅದು ಅಭ್ಯಾಸದಿಂದ ಮಾತ್ರ ಸಾಧ್ಯ. ಸದ್ಗುಣವೆಂಬುದು ಅಭ್ಯಾಸದಿಂದ ಬೇರೂರುತ್ತದೆಂದು ಹಿರಿಯ ಚಿಂತಕರು ಹೇಳುತ್ತಾ ಬಂದಿದ್ದಾರೆ. ವರ್ಷಕ್ಕೆ ಎರಡು ಮೂರು ಬಾರಿ ಗಂಟೆ ಬಾರಿಸಿ ಎಲ್ಲರನ್ನೂ ಅಂಗಳಕ್ಕೆ ಕರೆತಂದು ತಲೆ ಎಣಿಸುವ ಕವಾಯತು ಅಂತಹ ಒಂದು ಅಭ್ಯಾಸವೇ.

ಇನ್ನು ಸಂಸ್ಥೆಯ ಹೊಣೆ. 'ಕಾನೂನು ಕೇಳಿದ್ದೆಲ್ಲವನ್ನೂ ನಾವು ಮಾಡಿದ್ದೆವು' ಎಂಬ ಮಾತು ಇಂತಹ ಸಂದರ್ಭಗಳಲ್ಲಿ ಕೇಳಿಬರುತ್ತದೆ. ನ್ಯಾಯಾಲಯದಲ್ಲಿ ಅದು ಸಾಕಾಗಬಹುದು, ಅಂತಃಸಾಕ್ಷಿಯ ಎದುರು ಸಾಕಾಗದು. ಕಾನೂನು ಸಾಮಾನ್ಯವಾಗಿ ದುರಂತದ ಹಿಂದೆ ನಡೆದು ಬರುತ್ತದೆ. ನ್ಯೂಜೆರ್ಸಿ ರಾಜ್ಯವು ಎಲ್ಲ ವಿದ್ಯಾರ್ಥಿ ವಸತಿಗೃಹಗಳಲ್ಲಿಯೂ ಸ್ಪ್ರಿಂಕ್ಲರ್ ಕಡ್ಡಾಯಗೊಳಿಸಿದ್ದು ಆ ಮೂವರು ಸತ್ತ ಮೇಲೆ, ಅದೇ ವರ್ಷ. ಕಾಲೇಜು ಆವರಣದ ವಸತಿಗೃಹಗಳಲ್ಲಿ ಸಂಭವಿಸಿದ ಬೆಂಕಿಗಳೆಷ್ಟು, ಸತ್ತವರೆಷ್ಟು, ಎಷ್ಟು ಬಾರಿ ಕವಾಯತು ನಡೆಯಿತು ಎಂಬುದನ್ನು ಪ್ರತಿವರ್ಷ ಬಹಿರಂಗಪಡಿಸಬೇಕೆಂದು ಅಮೆರಿಕದ ಕೇಂದ್ರ ಕಾನೂನು ಹೇಳಿದ್ದು 2008ರಲ್ಲಿ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಹೊಸ ಮನೆ ಕಟ್ಟುವವನಿಗೆ ಒಂದು ಸಣ್ಣ ವಿಧಿಯಿದೆ: ಅವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಿಸಬೇಕು, ಇಲ್ಲವಾದರೆ ಅಲ್ಲಿಂದ ಯಾರಾದರೂ ಬಿದ್ದಲ್ಲಿ ಆ ರಕ್ತದ ದೋಷ ಅವನ ಮನೆಗೆ ತಗಲುತ್ತದೆ. ಬೀಳುವವನು ಎಚ್ಚರದಪ್ಪಿ ಬಿದ್ದನೇ, ಕುಡಿದು ಬಿದ್ದನೇ ಎಂಬ ವಿಚಾರಣೆಯೇ ಅಲ್ಲಿಲ್ಲ. ಮನುಷ್ಯರು ಎಡವುತ್ತಾರೆ, ಹುಡುಗರು ಚೇಷ್ಟೆ ಮಾಡುತ್ತಾರೆ ಎಂಬುದನ್ನು ಮೊದಲೇ ಅರಿತು ಗೋಡೆ ಕಟ್ಟುವುದು ಮನೆಯೊಡೆಯನ ಕರ್ತವ್ಯ.

'ಎಲ್ಲವೂ ದೇವರ ಕೈಯಲ್ಲಿದೆ, ಇಷ್ಟೊಂದು ಭಯವೇಕೆ?' ಎಂದು ಕೆಲವರು ಕೇಳಬಹುದು. ಇದು ವಿಶ್ವಾಸದ ಮಾತಿನಂತೆ ಕಂಡರೂ ಪರಿಶೀಲಿಸಬೇಕಾದ ಮಾತು. ದೇವಾಲಯದ ಗೋಪುರದಿಂದ ಧುಮುಕಿದರೆ ದೇವದೂತರು ಎತ್ತಿ ಹಿಡಿದಾರೆಂಬ ಸಲಹೆ ಶುಭಸಂದೇಶದಲ್ಲಿ ಬರುವುದು ಯಾರ ಬಾಯಿಂದ ಎಂಬುದನ್ನು ನೆನೆದರೆ ಸಾಕು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಶ್ಲೇಷಿಸುವಾಗ ಮುಂದಾಲೋಚನೆಯನ್ನೂ ಎಚ್ಚರಿಕೆಯನ್ನೂ ಅದರ ಅಂಗಗಳೆಂದು ಗುರುತಿಸಿದರು. ಮುಂದಾಗುವುದನ್ನು ಯೋಚಿಸಿ ಸಿದ್ಧನಾಗಿರುವವನು ದೇವರು ಕೊಟ್ಟ ಬುದ್ಧಿಯನ್ನು ಬಳಸುತ್ತಿದ್ದಾನೆ. ಅದರಿಂದ ಅವನ ಭರವಸೆ ಕುಂದುವುದಿಲ್ಲ.

ಈಗ ಎಲ್ಲಕ್ಕಿಂತ ಕಠಿಣವಾದ ವಿಷಯಕ್ಕೆ ಬರೋಣ: ಬೀಗ. ಕೀನ್ಯಾ ದೇಶದ ಮಚಾಕೋಸ್ ಪ್ರಾಂತದ ಕ್ಯಾಂಗುಲಿ ಪ್ರೌಢಶಾಲೆಯ ಹಾಸ್ಟೆಲಿನಲ್ಲಿ 2001ರ ಮಾರ್ಚ್ 26ರ ನಸುಕಿನಲ್ಲಿ ಬೆಂಕಿ ಬಿದ್ದು 67 ಹುಡುಗರು ಸತ್ತರು. ಇದ್ದ ಎರಡು ಬಾಗಿಲುಗಳಲ್ಲಿ ಒಂದಕ್ಕೆ ಬೀಗ ಹಾಕಲಾಗಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು. ಅದೇ ವರ್ಷ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮನೋರೋಗಿಗಳು ಗುಡಿಸಲಿನ ಬೆಂಕಿಗೆ ಬಲಿಯಾದರು. 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನರು ಪ್ರಾಣ ಕಳೆದುಕೊಂಡಾಗಲೂ ತುರ್ತು ದಾರಿಗಳು ಮುಚ್ಚಿದ್ದವು. ಬೀಗ, ಸರಳು, ಸರಪಳಿ ಇವುಗಳಲ್ಲಿ ಯಾವುದನ್ನೂ ಕೊಲ್ಲುವ ಉದ್ದೇಶದಿಂದ ಹಾಕಿರಲಿಲ್ಲ. ಕಳ್ಳರು ಬಾರದಿರಲಿ, ಹುಡುಗರು ಓಡಿಹೋಗದಿರಲಿ, ರೋಗಿಗಳು ದಾರಿ ತಪ್ಪದಿರಲಿ ಎಂಬುದೇ ಇಂತಹ ಬೀಗಗಳ ಹಿಂದಿನ ಕಾಳಜಿ.

ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳುಹಿಸಿದ ತಾಯಿಯ ಆತಂಕವನ್ನು ಲಘುವಾಗಿ ಕಾಣಲಾಗದು. ಹೊರಗಿನ ದುಷ್ಟರ ಭಯ ನಿಜವಾದದ್ದೇ. 'ಒಂಬತ್ತು ಗಂಟೆಗೆ ಬೀಗ ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು' ಎಂಬ ವಾರ್ಡನ್ನರ ಮಾತು ಅವಳಿಗೆ ನೆಮ್ಮದಿ ತರುತ್ತದೆ. ಎಷ್ಟೋ ಹಾಸ್ಟೆಲುಗಳು ಹೀಗೆ ಬೀಗ ಹಾಕುವುದು ಹೆತ್ತವರು ಕೇಳಿದ್ದರಿಂದಲೇ. ಆದರೆ ಹೊರಗಿನವರನ್ನು ತಡೆಯುವುದು ಬೇರೆ, ಒಳಗಿನವರನ್ನು ಕೂಡಿಹಾಕುವುದು ಬೇರೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹಾಸ್ಟೆಲುಗಳಂತಹ ಸಾಮೂಹಿಕ ವಸತಿಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತದೆ. ನಿರ್ಗಮನದ ಬಾಗಿಲುಗಳು ಒಳಗಿನಿಂದ ಬೀಗದ ಕೈ ಇಲ್ಲದೆಯೇ ತೆರೆಯುವಂತಿರಬೇಕು ಎಂದು ಹೇಳುತ್ತದೆ. ಹೊರಗಿನಿಂದ ಯಾರೂ ತೆರೆಯಲಾಗದ, ಒಳಗಿನಿಂದ ತಳ್ಳಿದೊಡನೆ ತೆರೆದುಕೊಳ್ಳುವ, ತೆರೆದಾಗ ಗಂಟೆ ಬಾರಿಸಿ ವಾರ್ಡನ್ನರನ್ನು ಎಬ್ಬಿಸುವ ಬಾಗಿಲುಗಳಿವೆ. ಅಂತಹ ಬಾಗಿಲು ಮಾಡಿಸಲು ಹಣ ಬೇಕು, ಜೊತೆಗೆ ಮಕ್ಕಳ ಮೇಲೆ ಒಂದಿಷ್ಟು ನಂಬಿಕೆಯೂ ಬೇಕು. ಹುಡುಗಿಯೊಬ್ಬಳು ರಾತ್ರಿ ಹೊರಗೆ ಹೋದಾಳೆಂಬ ಶಂಕೆಗಾಗಿ ಇನ್ನೂರು ಹುಡುಗಿಯರ ಪ್ರಾಣವನ್ನು ಒಂದು ಬೀಗದ ಕೈಗೆ, ಅದನ್ನು ಹಿಡಿದವರ ನಿದ್ರೆಗೆ ಒಪ್ಪಿಸುವುದು ಶಿಸ್ತೇ? ರಕ್ಷಿಸಬೇಕೆಂಬ ಆಸೆಗೂ ಸ್ವಾಧೀನದಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆಗೂ ಇರುವ ಗೆರೆ ಬಹಳ ತೆಳುವಾದದ್ದು. ಪ್ರೀತಿಸುವವರು ಅದನ್ನು ಆಗಾಗ ನೋಡಿಕೊಳ್ಳುತ್ತಿರಬೇಕು.

ಮಾಡಬೇಕಾದ ಕೆಲಸಗಳೇನೂ ದೊಡ್ಡವಲ್ಲ. ಹಾಸ್ಟೆಲಿಗೆ ಸೇರಿಸುವಾಗ ಹೆತ್ತವರು ಒಮ್ಮೆ ಮಹಡಿ ಹತ್ತಿ ಎರಡನೆಯ ಮೆಟ್ಟಿಲದಾರಿ ಎಲ್ಲಿದೆ, ಅದರಲ್ಲಿ ಹಳೆಯ ಮಂಚಗಳನ್ನು ಪೇರಿಸಿಟ್ಟಿದ್ದಾರೆಯೇ, ಕಿಟಕಿಯ ಸರಳುಗಳಲ್ಲಿ ತೆರೆಯಬಹುದಾದ ಒಂದಾದರೂ ಇದೆಯೇ ಎಂದು ನೋಡಲಿ. ನಮ್ಮ ಧರ್ಮಕ್ಷೇತ್ರಗಳ ಮತ್ತು ಧಾರ್ಮಿಕ ಸಭೆಗಳ ಹಾಸ್ಟೆಲುಗಳಲ್ಲಿಯೂ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಗೌರವದಿಂದ ಕೇಳಿದ ಪ್ರಶ್ನೆ ಅವಿಶ್ವಾಸವಲ್ಲ. ಮಕ್ಕಳಿಗೆ ಕಲಿಸಬೇಕಾದದ್ದೂ ಇದೆ: ಕೋಣೆಯಿಂದ ಹೊರದಾರಿಯವರೆಗೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿಟ್ಟುಕೊಳ್ಳುವುದು, ಬಾಗಿಲು ತೆರೆಯುವ ಮುನ್ನ ಹಿಂಗೈಯಿಂದ ಮುಟ್ಟಿ ಬಿಸಿ ನೋಡುವುದು, ಹೊಗೆಯಿದ್ದರೆ ನೆಲಕ್ಕೆ ಬಾಗಿ ತೆವಳುವುದು, ಲಿಫ್ಟನ್ನು ಬಳಸದಿರುವುದು, ದಾಟಲಾಗದಿದ್ದರೆ ಬಾಗಿಲು ಮುಚ್ಚಿ ಸಂದಿಗೆ ಒದ್ದೆಬಟ್ಟೆ ತುರುಕಿ ಕಿಟಕಿಯಿಂದ ಕೂಗುವುದು, 112ಕ್ಕೆ ಕರೆ ಮಾಡುವುದು. ಇವನ್ನು ಕಲಿಸಲು ಅರ್ಧ ಗಂಟೆ ಸಾಕು. ಧರ್ಮಕೇಂದ್ರದ ಯುವಜನರ ಕೂಟವೊಂದು ಅದಕ್ಕೆ ತಕ್ಕ ಸ್ಥಳ.

ಇವೆಲ್ಲದರ ಜೊತೆಗೆ ಒಂದು ಸಂಗತಿಯನ್ನು ಹೇಳಿಕೊಡಬೇಕು. ಗಂಟೆ ಮೊಳಗಿದಾಗ ಎದ್ದು ಹೊರಡುವವನು ದಾರಿಯಲ್ಲಿರುವ ಪಕ್ಕದ ಕೋಣೆಗಳ ಬಾಗಿಲು ಬಡಿಯುತ್ತಾ ಹೋಗಬೇಕು. ಒಳಗಿರುವವನು ಜ್ವರದಿಂದ ಮಲಗಿರಬಹುದು, ಮಾತ್ರೆ ನುಂಗಿ ಗಾಢನಿದ್ರೆಯಲ್ಲಿರಬಹುದು, ಕಿವಿ ಮಂದವಾದವನಿರಬಹುದು, ನಿನ್ನೆಯಷ್ಟೇ ಜಗಳವಾಡಿ ಮಾತುಬಿಟ್ಟವನೂ ಆಗಿರಬಹುದು. ಗಂಟೆ ಸುಳ್ಳಾದರೆ ಅವನು ಬೈದಾನು. ಬೈಯಲಿ. ಹತ್ತು ಬಾರಿ ಬೈಸಿಕೊಂಡರೂ ಹನ್ನೊಂದನೆಯ ಬಾರಿ ಮತ್ತೆ ಬಾಗಿಲು ಬಡಿಯುವ ಮಗನನ್ನೋ ಮಗಳನ್ನೋ ನಾವು ಬೆಳೆಸಿದ್ದೇವೆಯೇ ಎಂದು ಈ ಜೂನಿನಲ್ಲಿ ಪೆಟ್ಟಿಗೆ ಕಟ್ಟುವಾಗ ಕೇಳಿಕೊಳ್ಳೋಣ.